ಪಗಾರ, ಉದ್ರಿ, ಬಡ್ಡಿ: ಮನೆಯ ಲೆಕ್ಕ ಪರಿಶೀಲಿಸಿ ಸಾಲ ಇಳಿಸುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಹಲವು ವರ್ಷ ಸಾಲದ ಅರ್ಜಿಗಳನ್ನು ನೋಡುವ ಕೆಲಸ ನನ್ನದಾಗಿತ್ತು. ಅರ್ಜಿಯಲ್ಲಿ ‘ಸಾಲದ ಕಾರಣ’ ಎಂಬ ಒಂದು ಕಾಲಂ ಇರುತ್ತದೆ. ಮೇ ಮತ್ತು ಜೂನ್ ತಿಂಗಳಲ್ಲಿ ಆ ಕಾಲಂನಲ್ಲಿ ಸಾಲುಸಾಲಾಗಿ ‘ಮಕ್ಕಳ ಫೀ’ ಎಂದಿರುತ್ತಿತ್ತು. ಶ್ರಾವಣದಲ್ಲಿ ‘ಹಬ್ಬ’ ಎಂದೂ ಲಗ್ನಸರಾಯಿಯಲ್ಲಿ ‘ಮದುವೆ’ ಎಂದೂ ಬರೆದಿರುತ್ತಿತ್ತು. ಜೂನ್ ಪ್ರತಿ ವರ್ಷ ಬರುತ್ತದೆ, ಪಂಚಮಿಯೂ ಪ್ರತಿ ವರ್ಷ ಬರುತ್ತದೆ. ಆದರೂ ಅರ್ಜಿದಾರರು ಅದನ್ನು ಅಕಸ್ಮಾತ್ತಾಗಿ ಬಂದ ಖರ್ಚೆಂಬಂತೆ ಹೇಳುತ್ತಿದ್ದರು. ಅವರಲ್ಲಿ ಬಹಳಷ್ಟು ಮಂದಿ ತಿಂಗಳ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆಯುವವರೇ ಆಗಿದ್ದರು. ಅವರ ನೋಟ್‌ಬುಕ್ಕಿನ ಲೆಕ್ಕ ತಪ್ಪಿರಲಿಲ್ಲ, ಆದರೆ ಅದರಲ್ಲಿ ವರ್ಷ ಇರಲಿಲ್ಲ.

ನಮ್ಮ ಕಡೆಯ ಸಂಸಾರ ನಡೆಯುವುದೇ ಸುಗ್ಗಿಯ ಲೆಕ್ಕದಲ್ಲಿ. ವರ್ಷಕ್ಕಾಗುವಷ್ಟು ಬಿಳಿಜೋಳವನ್ನು ಹೊಸ ಬೆಳೆ ಬಂದಾಗ ಕೊಳ್ಳುತ್ತೇವೆ, ಬ್ಯಾಡಗಿ ಮೆಣಸಿನಕಾಯಿ ತಂದು ಬೇಸಿಗೆಯ ಬಿಸಿಲಿಗೆ ಒಣಗಿಸಿ ವರ್ಷದ ಖಾರ ಕುಟ್ಟಿಸುತ್ತೇವೆ. ಪಗಾರ ಮಾತ್ರ ತಿಂಗಳಿಗೊಮ್ಮೆ ಬರುತ್ತದೆ. ಈ ಎರಡರ ನಡುವಿನ ಸಂದಿಯಲ್ಲಿಯೇ ಸಾಲ ಒಳಗೆ ಬರುತ್ತದೆ. ಆದ್ದರಿಂದ ಮುಂದಿನ ಹಂತಗಳಲ್ಲಿ ಮೊದಲು ವರ್ಷವನ್ನು ಕಂಡುಕೊಂಡು, ಆಮೇಲೆ ಸಾಲಗಳನ್ನು ಒಂದೇ ಅಳತೆಗೆ ತಂದು, ಕೊನೆಗೆ ಖರ್ಚಿಗೆ ಕೈಹಾಕುವ ಕ್ರಮವನ್ನು ಹೇಳಿದ್ದೇನೆ. ಖರ್ಚು ಕಡಿತದಿಂದಲೇ ಆರಂಭಿಸುವ ಕ್ರಮ ಎರಡು ತಿಂಗಳಿಗಿಂತ ಹೆಚ್ಚು ಬಾಳಿದ್ದನ್ನು ನಾನು ಕಂಡಿದ್ದು ಕಡಿಮೆ.

ಮೊದಲ ಹಂತ: ಕಾಗದ ಕೂಡಿಸುವುದು

ಒಂದು ರವಿವಾರ ಮಧ್ಯಾಹ್ನ ಎರಡು ತಾಸು ಬಿಡುವು ಮಾಡಿಕೊಳ್ಳಬೇಕು. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ಪೇ ಅಥವಾ ಗೂಗಲ್ ಪೇ ವಹಿವಾಟಿನ ಪಟ್ಟಿ, ಪ್ರತಿ ಸಾಲದ ಮಂಜೂರಾತಿ ಪತ್ರ ಮತ್ತು ಕಂತಿನ ಪಟ್ಟಿ, ಪಿಗ್ಮಿ (ದಿನವೂ ಸ್ವಲ್ಪಸ್ವಲ್ಪ ತುಂಬುವ ಠೇವಣಿ) ಪಾಸ್‌ಬುಕ್, ಭಿಶಿ (ಚೀಟಿ ಹಣ) ಹಾಕಿದ್ದರೆ ಅದರ ಲೆಕ್ಕದ ಚೀಟಿ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಇಷ್ಟೂ ಮುಂದಿರಬೇಕು. ಮನೆಯಲ್ಲಿ ಯಾರ ಕೈಯಿಂದ ಹಣ ಹೋಗುತ್ತದೆಯೋ ಅವರೆಲ್ಲರೂ ಕೂಡಬೇಕು. ಸಂತೆಗೆ ಹೋಗುವವರು ಅತ್ತೆಯವರಾಗಿದ್ದರೆ ಅವರಿಲ್ಲದೆ ಮಾಡಿದ ಲೆಕ್ಕ ಊಹೆಯೇ ಆಗುತ್ತದೆ.

ಉದ್ರಿ ಪುಸ್ತಕವನ್ನು ಸ್ವಲ್ಪ ಹೊತ್ತು ನೋಡಿರಿ. ಅದರಲ್ಲಿ ‘3ನೇ ತಾರೀಖು 340, 5ನೇ ತಾರೀಖು 185, 6ನೇ ತಾರೀಖು 95’ ಎಂದು ಮೊತ್ತ ಮಾತ್ರ ಇರುತ್ತದೆ, ಸಾಮಾನಿನ ಹೆಸರು ಇರುವುದಿಲ್ಲ. ಆ 95 ರೂಪಾಯಿಗೆ ಏನು ತಂದೆವೆಂದು ಕೇಳಿದರೆ ಮನೆಯಲ್ಲಿ ಒಬ್ಬರಿಗೂ ನೆನಪಾಗದು. ಮಗನನ್ನು ಸಕ್ಕರೆ ತರಲು ಕಳಿಸಿದ್ದು, ಅವನು ಸಕ್ಕರೆಯ ಜೊತೆಗೆ ಇನ್ನೇನನ್ನೋ ಬರೆಸಿ ಬಂದದ್ದು ಇರಬಹುದು. ಬರುವ ತಿಂಗಳಿನಿಂದ ಪ್ರತಿ ಸಲ ಸಾಮಾನಿನ ಚೀಟಿ ಕೇಳಿ ಪಡೆಯಬೇಕು. ಉದ್ರಿಗೆ ಬಡ್ಡಿ ಇಲ್ಲ, ಆದರೆ ಉದ್ರಿ ತರುವವರು ದರ ಕೇಳುವುದಿಲ್ಲ, ಬೇರೆ ಅಂಗಡಿಗೂ ಹೋಗುವುದಿಲ್ಲ. ಅದರ ಬೆಲೆ ಅಲ್ಲಿ ಕೂಡಿಕೊಂಡಿರುತ್ತದೆ.

ಇದೇ ಸಮಯದಲ್ಲಿ ನಿಮ್ಮ ಸಾಲ ಮಾಹಿತಿ ವರದಿಯನ್ನೂ ತೆಗೆಸಿಕೊಳ್ಳಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ತೀರಿಸಿದ ಸಾಲ ಇನ್ನೂ ಬಾಕಿಯೆಂದೇ ತೋರಿಸುತ್ತಿದ್ದರೆ ಈಗಲೇ ತಿದ್ದಿಸಬೇಕು, ಏಕೆಂದರೆ ಮುಂದೆ ಕಡಿಮೆ ಬಡ್ಡಿಯ ಸಾಲ ಕೇಳಲು ಹೋದಾಗ ಅದೇ ಅಡ್ಡ ಬರುತ್ತದೆ.

ಎರಡನೆಯ ಹಂತ: ತಿಂಗಳ ಹಾಳೆ ಮತ್ತು ವರ್ಷದ ಹಾಳೆ

ಲೆಕ್ಕ ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಗಂಡ, ಹೆಂಡತಿ, ಇಬ್ಬರು ಮಕ್ಕಳು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವ ಹಿರಿಯರೊಬ್ಬರು. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಗಂಡನಿಗೆ 32,000 ಪಗಾರ, ಹೆಂಡತಿಗೆ ಹೊಲಿಗೆಯಿಂದ 6,000, ಗೃಹಲಕ್ಷ್ಮಿಯಿಂದ 2,000. ಒಟ್ಟು 40,000 ರೂಪಾಯಿ.

ತಿಂಗಳ ಖರ್ಚು ಹೀಗಿದೆಯೆನ್ನೋಣ: ಬಾಡಿಗೆ 8,000, ಕಿರಾಣಿ 5,000, ಹಾಲು 2,100, ಕಾಯಿಪಲ್ಲೆ ಮತ್ತು ಹಣ್ಣು 2,500, ಗ್ಯಾಸ್ 1,000, ಕರೆಂಟು ಮತ್ತು ನೀರು 400, ಪೆಟ್ರೋಲ್ 2,500, ಮೊಬೈಲ್ ಮತ್ತು ಇಂಟರ್‌ನೆಟ್ 1,100, ಔಷಧಿ 2,200, ಹೊರಗಿನ ಚಹಾ-ತಿಂಡಿ-ಊಟ 2,600, ಟ್ಯೂಷನ್ 1,500, ಇತರೆ 1,800. ಒಟ್ಟು 30,700. ಇದರ ಮೇಲೆ ಸಾಲದ ಬಾಬತ್ತು: ಬೈಕಿನ ಕಂತು 2,800, ಕೈಗಡದ ಬಡ್ಡಿ 1,500, ಬಂಗಾರದ ಸಾಲದ ಬಡ್ಡಿ 600, ಕ್ರೆಡಿಟ್ ಕಾರ್ಡಿಗೆ 2,000, ಒಟ್ಟು 6,900. ದಿನಕ್ಕೆ 50 ರೂಪಾಯಿಯಂತೆ ಪಿಗ್ಮಿಗೆ 1,500. ಎಲ್ಲ ಕಳೆದು ಕೈಯಲ್ಲಿ 900 ರೂಪಾಯಿ ಉಳಿಯುತ್ತದೆ. ಈ ಹಾಳೆಯನ್ನಷ್ಟೇ ನೋಡಿದವರಿಗೆ ಸಂಸಾರ ನೆಟ್ಟಗೆ ನಡೆದಿದೆ ಎನಿಸುತ್ತದೆ.

ಈಗ ಇನ್ನೊಂದು ಹಾಳೆ ತೆಗೆದುಕೊಂಡು ಯುಗಾದಿಯಿಂದ ಯುಗಾದಿಯವರೆಗೆ ಹನ್ನೆರಡು ಸಾಲು ಹಾಕಿ, ವರ್ಷಕ್ಕೊಮ್ಮೆ ಅಥವಾ ಎರಡು ಸಲ ಬರುವ ಖರ್ಚನ್ನು ಆಯಾ ತಿಂಗಳಿನ ಎದುರು ಬರೆಯಿರಿ. ಶಾಲೆಯ ಫೀ, ಪುಸ್ತಕ, ಸಮವಸ್ತ್ರ 30,000. ವರ್ಷದ ಜೋಳ, ಗೋಧಿ, ತೊಗರಿಬೇಳೆ 14,000. ಮೆಣಸಿನಕಾಯಿ ಮತ್ತು ಮಸಾಲೆ ಖಾರ 3,500. ಪಂಚಮಿ, ದಸರಾ, ದೀಪಾವಳಿಗೆ 12,000. ಮದುವೆ-ಮುಂಜಿವೆಯ ಆಯಾರ (ಉಡುಗೊರೆ), ಜಾತ್ರೆ, ಊರಿಗೆ ಹೋಗಿಬರುವುದು 9,000. ಬೈಕಿನ ವಿಮೆ ಮತ್ತು ದುರಸ್ತಿ 4,500. ಜೀವ ವಿಮೆಯ ಕಂತು 11,000. ಕೂಡಿಸಿದರೆ 84,000 ರೂಪಾಯಿ, ಅಂದರೆ ತಿಂಗಳಿಗೆ 7,000. ಸ್ವಂತ ಮನೆಯಿದ್ದವರು ಆಸ್ತಿ ತೆರಿಗೆಯನ್ನೂ ಏಪ್ರಿಲ್ ಸಾಲಿನಲ್ಲಿ ಬರೆದುಕೊಳ್ಳಬೇಕು. ಆ ತಿಂಗಳೊಳಗೆ ಕಟ್ಟಿದರೆ ಪಾಲಿಕೆ ಶೇಕಡಾ 5 ರಿಯಾಯಿತಿ ಕೊಡುತ್ತದೆ.

ಉಳಿಯುವುದು 900, ಬೇಕಾದದ್ದು 7,000. ಪ್ರತಿ ತಿಂಗಳೂ 6,100 ರೂಪಾಯಿಯ ಕೊರತೆ, ವರ್ಷಕ್ಕೆ 73,200. ಈ ಮನೆಯವರು ಜೂನ್‌ನಲ್ಲಿ 50,000 ಕೈಗಡ ತಂದರು, ಉಳಿದದ್ದನ್ನು ಕಾರ್ಡಿಗೆ ಹಾಕಿದರು. ಯಾರೂ ದುಂದುವೆಚ್ಚ ಮಾಡಿಲ್ಲ, ಯಾರೂ ಹೊಸದಾಗಿ ಕಾಯಿಲೆ ಬಿದ್ದಿಲ್ಲ, ಆದರೂ ಮುಂದಿನ ಜೂನ್‌ನಲ್ಲಿ ಇದೇ ಮತ್ತೆ ಆಗುವುದು ಖಂಡಿತ. ನಿಮ್ಮ ಮನೆಯ ಎರಡೂ ಹಾಳೆಗಳನ್ನು ಬರೆದು ಈ ಒಂದು ಅಂಕಿಯನ್ನು ಕಂಡುಹಿಡಿಯುವವರೆಗೆ ಮುಂದಿನ ಹಂತಕ್ಕೆ ಹೋಗುವ ಅಗತ್ಯವಿಲ್ಲ.

ಮೂರನೆಯ ಹಂತ: ಎಲ್ಲ ಸಾಲವನ್ನೂ ‘ರೂಪಾಯಿ ಬಡ್ಡಿ’ಗೆ ತರುವುದು

ನಮ್ಮಲ್ಲಿ ಬಡ್ಡಿಯನ್ನು ಹೇಳುವ ರೀತಿ ಒಂದು, ಬ್ಯಾಂಕು ಹೇಳುವ ರೀತಿ ಇನ್ನೊಂದು. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ವರ್ಷಕ್ಕೆ ಶೇಕಡಾ 36. ಬ್ಯಾಂಕಿನ ಶೇಕಡಾ 12 ಎಂದರೆ ನಮ್ಮ ಮಾತಿನಲ್ಲಿ ಒಂದು ರೂಪಾಯಿ ಬಡ್ಡಿ. ಎಲ್ಲ ಸಾಲಗಳನ್ನೂ ಈ ರೂಪಾಯಿ ಲೆಕ್ಕಕ್ಕೆ ತಂದು ಬರೆದರೆ ಮನೆಯ ಹಿರಿಯರಿಗೂ ತಿಳಿಯುತ್ತದೆ, ಹೋಲಿಕೆಯೂ ತಟ್ಟನೆ ಕಾಣುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ಬಂಗಾರದ ಮೇಲೆ ಸಂಘದಲ್ಲಿ ತಂದ 60,000 ಸಾಲಕ್ಕೆ ಶೇಕಡಾ 12, ಅಂದರೆ ಒಂದು ರೂಪಾಯಿ. ಬೈಕಿನ ಸಾಲವನ್ನು ಕೊಡುವಾಗ ಮಾರಾಟಗಾರರು ಶೇಕಡಾ 10 ಫ್ಲ್ಯಾಟ್ ಎಂದಿದ್ದರು. ಅಸಲು ಪ್ರತಿ ತಿಂಗಳು ಇಳಿಯುತ್ತಿದ್ದರೂ ಮೊದಲಿನ ಪೂರ್ಣ ಅಸಲಿನ ಮೇಲೆಯೇ ಬಡ್ಡಿ ಹಾಕುವುದಕ್ಕೆ ಫ್ಲ್ಯಾಟ್ ಎನ್ನುತ್ತಾರೆ. ಮೂರು ವರ್ಷದ ಸಾಲಕ್ಕೆ ಅದು ಇಳಿಕೆ ಅಸಲಿನ ಲೆಕ್ಕದಲ್ಲಿ ಸುಮಾರು ಶೇಕಡಾ 18 ಆಗುತ್ತದೆ, ಅಂದರೆ ಒಂದೂವರೆ ರೂಪಾಯಿ. ಕೈಗಡ 50,000ಕ್ಕೆ ಮೂರು ರೂಪಾಯಿ.

ಇನ್ನು ಕ್ರೆಡಿಟ್ ಕಾರ್ಡು. ಬಾಕಿ 40,000, ತಿಂಗಳಿಗೆ ಶೇಕಡಾ 3.5 ಬಡ್ಡಿಯೆಂದರೆ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ 252. ಒಟ್ಟು 1,652, ಅಂದರೆ ನಾಲ್ಕು ರೂಪಾಯಿಗೂ ಮೇಲೆ. ಈ ಮನೆಯವರು ತಿಂಗಳಿಗೆ 2,000 ಕಟ್ಟಿದಾಗ ಅಸಲಿಗೆ ಹೋಗುವುದು 348 ರೂಪಾಯಿ ಮಾತ್ರ. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಈ ಪಟ್ಟಿ ಬರೆದಾಗ ಬಹುತೇಕರಿಗೆ ಆಶ್ಚರ್ಯವಾಗುತ್ತದೆ. ಎಲ್ಲಕ್ಕಿಂತ ತುಟ್ಟಿ ಸಾಲ ಸಾಹುಕಾರನದೆಂದು ತಿಳಿದವರಿಗೆ ಕಿಸೆಯಲ್ಲಿದ್ದ ಕಾರ್ಡಿನದೇ ಹೆಚ್ಚೆಂದು ಗೊತ್ತಾಗುತ್ತದೆ. ಆದರೆ ತೀರಿಸುವಾಗ ನಾವು ಮುಖ ನೋಡಿ ತೀರಿಸುತ್ತೇವೆ. ಕೈಗಡ ಕೊಟ್ಟವರು ದುರ್ಗದ ಬೈಲಿನಲ್ಲಿ ಎದುರಾಗುತ್ತಾರೆ, ಕಾರ್ಡು ಕೊಟ್ಟವರು ಎದುರಾಗುವುದಿಲ್ಲ. ಆದ್ದರಿಂದ ಕೈಗೆ ಬಂದ ಹೆಚ್ಚಿನ ಹಣ ಮೊದಲು ಕೈಗಡಕ್ಕೆ ಹೋಗಿ, ನಾಲ್ಕು ರೂಪಾಯಿ ಬಡ್ಡಿಯದು ಹಾಗೆಯೇ ಬೆಳೆಯುತ್ತದೆ. ಎಲ್ಲ ಸಾಲಗಳಿಗೂ ಕಟ್ಟಲೇಬೇಕಾದ ಕನಿಷ್ಠ ಮೊತ್ತವನ್ನು ಕಟ್ಟಿ, ಮಿಕ್ಕ ಪ್ರತಿಯೊಂದು ರೂಪಾಯಿಯನ್ನೂ ಪಟ್ಟಿಯಲ್ಲಿ ಅತಿ ಹೆಚ್ಚು ರೂಪಾಯಿ ಬಡ್ಡಿಯ ಸಾಲಕ್ಕೆ ಹಾಕಬೇಕೆಂಬುದೇ ನಿಯಮ.

ನಾಲ್ಕನೆಯ ಹಂತ: ಉಳಿತಾಯ ಮತ್ತು ಸಾಲ ಒಂದೇ ಮನೆಯಲ್ಲಿದ್ದರೆ

ತುಟ್ಟಿ ಸಾಲ ಇರುವಾಗಲೇ ಉಳಿತಾಯಕ್ಕೆ ಹಣ ತುಂಬುತ್ತ ಹೋಗುವ ತಪ್ಪನ್ನು ನಾನೇ ಮಾಡಿದ್ದೇನೆ. ಪಿಗ್ಮಿ ಎಂಬುದು ನಮ್ಮ ಕರ್ನಾಟಕದಲ್ಲಿಯೇ ಸುಮಾರು ನೂರು ವರ್ಷಗಳ ಹಿಂದೆ, 1928ರಲ್ಲಿ, ಹುಟ್ಟಿದ ಪದ್ಧತಿ. ದಿನವೂ ಬಾಗಿಲಿಗೆ ಬಂದು ಒಯ್ಯುವ ಆ ಶಿಸ್ತಿಗೆ ಬೆಲೆ ಕಟ್ಟಲಾಗದು. ನಾನು ಹನ್ನೊಂದು ತಿಂಗಳು ದಿನಕ್ಕೆ ನೂರು ರೂಪಾಯಿ ಪಿಗ್ಮಿ ತುಂಬುತ್ತಿದ್ದೆ. ಅದೇ ಹನ್ನೊಂದು ತಿಂಗಳು ಪರಿಚಿತರೊಬ್ಬರಿಗೆ ಮೂರು ರೂಪಾಯಿ ಬಡ್ಡಿಯನ್ನೂ ಕೊಡುತ್ತಿದ್ದೆ. ಸಂಜೆ ಏಜೆಂಟರು ಬಂದು ಚೀಟಿ ಹರಿದು ಕೊಟ್ಟಾಗ ಉಳಿತಾಯ ಮಾಡಿದೆನೆಂಬ ಸಮಾಧಾನ, ಒಂದನೆಯ ತಾರೀಖಿಗೆ ಬಡ್ಡಿ ಕೊಟ್ಟಾಗ ಬೇಸರ. ಇವೆರಡನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿದ್ದು ಹನ್ನೊಂದು ತಿಂಗಳಾದ ಮೇಲೆ. ಸಾಲದ ಅರ್ಜಿ ನೋಡುವುದೇ ಉದ್ಯೋಗವಾಗಿದ್ದವನ ಕತೆ ಇದು.

ಪಿಗ್ಮಿಗೆ ಸಿಗುವ ಬಡ್ಡಿ ತಿಂಗಳ ಲೆಕ್ಕದಲ್ಲಿ ಅರ್ಧ ರೂಪಾಯಿಯನ್ನು ಮುಟ್ಟುವುದೂ ಕಷ್ಟ. ಅವಧಿಗೆ ಮುಂಚೆ ಮುರಿದರೆ ಕಮಿಷನ್ ಮುರಿದುಕೊಳ್ಳುವುದುಂಟು, ಅದನ್ನು ಮೊದಲೇ ಕೇಳಿ ತಿಳಿಯಬೇಕು. ಆದರೂ ಮೂರು-ನಾಲ್ಕು ರೂಪಾಯಿ ಬಡ್ಡಿಯ ಸಾಲ ಇರುವಾಗ ಪಿಗ್ಮಿಯನ್ನು ಮುರಿದು ಸಾಲಕ್ಕೆ ಕಟ್ಟುವುದೇ ಲಾಭ. ನಮ್ಮ ಉದಾಹರಣೆಯ ಮನೆಯಲ್ಲಿ ಪಿಗ್ಮಿಯಲ್ಲಿ 18,000 ಕೂಡಿದೆ. ಅದರಲ್ಲಿ 4,500ನ್ನು ಆಪತ್ತಿಗೆಂದು ಉಳಿಸಿಕೊಂಡು 13,500ನ್ನು ಕಾರ್ಡಿಗೆ ಕಟ್ಟಿದರೆ ಬಾಕಿ 26,500ಕ್ಕೆ ಇಳಿಯುತ್ತದೆ, ತಿಂಗಳ ಬಡ್ಡಿಯಲ್ಲಿ ಸುಮಾರು 557 ರೂಪಾಯಿ ಅಂದೇ ಕಡಿಮೆಯಾಗುತ್ತದೆ. ಕೈಯನ್ನು ಪೂರ್ತಿ ಬರಿದು ಮಾಡಿಕೊಳ್ಳಬಾರದು. ಹಾಗೆ ಮಾಡಿದರೆ ಹಿರಿಯರಿಗೆ ಜ್ವರ ಬಂದ ಮೊದಲ ದಿನವೇ ಕಾರ್ಡು ಮತ್ತೆ ಹೊರಬರುತ್ತದೆ.

ಭಿಶಿಯ ವಿಷಯದಲ್ಲಿ ಒಂದೇ ಮಾತು. ಹಾಕುತ್ತಿರುವುದನ್ನು ನಡುವೆ ಬಿಟ್ಟು ನೆರೆಹೊರೆಯವರ ಹಣ ಕೆಡಿಸಬಾರದು, ಮುಗಿಯುವವರೆಗೆ ನಡೆಸಿ, ಹೊಸದಕ್ಕೆ ಸೇರಬಾರದು. ಹಣ ಬೇಗ ಪಡೆಯಲು ಅದರ ಲಿಲಾವಿನಲ್ಲಿ (ಹರಾಜಿನಲ್ಲಿ) ಬಿಟ್ಟುಕೊಟ್ಟ ಮೊತ್ತವೂ ಬಡ್ಡಿಯೇ.

ಐದನೆಯ ಹಂತ: ತುಟ್ಟಿ ಸಾಲವನ್ನು ಸೋವಿ ಸಾಲಕ್ಕೆ ಬದಲಿಸುವುದು

ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ್ದು ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲಿಕ್ಕೆ. ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ಪತ್ತಿನ ಸಂಘಗಳು ಇಷ್ಟೊಂದು ಇರುವುದರಿಂದ ಮೂರು ರೂಪಾಯಿಯ ಸಾಲವನ್ನು ಒಂದು ರೂಪಾಯಿಗೆ ಬದಲಿಸಿಕೊಳ್ಳುವ ದಾರಿ ಬೇರೆ ಕಡೆಗಿಂತ ಇಲ್ಲಿ ಹತ್ತಿರದಲ್ಲಿದೆ. ಉದಾಹರಣೆಯ ಮನೆಯಲ್ಲಿ ಅಡವಿಟ್ಟ ಬಂಗಾರದ ಜೊತೆಗೆ ಇನ್ನಷ್ಟು ಬಂಗಾರವಿದೆಯೆಂದು ಭಾವಿಸಿದರೆ, ಕಾರ್ಡಿನ 26,500 ಮತ್ತು ಕೈಗಡದ 50,000 ಸೇರಿ 76,500 ರೂಪಾಯಿಯನ್ನು ಬಂಗಾರದ ಸಾಲಕ್ಕೆ ವರ್ಗಾಯಿಸಬಹುದು. ಆಗ ಬಂಗಾರದ ಸಾಲ 1,36,500 ಆಗುತ್ತದೆ, ಬಡ್ಡಿ ತಿಂಗಳಿಗೆ 1,365. ಮೊದಲು ಇದೇ ಮೂರು ಸಾಲಗಳಿಗೆ ಬಡ್ಡಿಯೆಂದೇ 3,752 ರೂಪಾಯಿ ಹೋಗುತ್ತಿತ್ತು.

ಈ ಹಂತದಲ್ಲಿ ಮೂರು ಎಚ್ಚರಿಕೆ ಅಗತ್ಯ. ಬಂಗಾರ ಹೆಂಡತಿಯದಾಗಿದ್ದರೆ, ಅದರಲ್ಲೂ ತವರಿನಿಂದ ಬಂದದ್ದಾಗಿದ್ದರೆ, ನಿರ್ಧಾರ ಅವರದು. ಲೆಕ್ಕ ಎಷ್ಟೇ ಸರಿಯಿದ್ದರೂ ಒತ್ತಾಯದಿಂದ ಪಡೆದ ಪಾಟಲಿ-ಬಿಲವರ ಮನೆಯಲ್ಲಿ ಬೇರೆಯದೇ ಬಾಕಿಯನ್ನು ಉಳಿಸುತ್ತದೆ. ಎರಡನೆಯದಾಗಿ, ಬಂಗಾರದ ಸಾಲ ಸಾಮಾನ್ಯವಾಗಿ ಒಂದು ವರ್ಷದ್ದು, ಅವಧಿ ಮುಗಿದಾಗ ನವೀಕರಿಸಬೇಕು, ಬಡ್ಡಿ ಕಟ್ಟದೆ ಬಿಟ್ಟರೆ ಹರಾಜಿಗೆ ಹೋಗುತ್ತದೆ. ಆ ದಿನಾಂಕವನ್ನು ವರ್ಷದ ಹಾಳೆಯಲ್ಲಿ ಕೆಂಪು ಶಾಯಿಯಿಂದ ಬರೆದಿರಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾರ್ಡಿನ ಬಾಕಿ ತೀರಿದ ದಿನವೇ ಅದನ್ನು ಬಂದ್ ಮಾಡಿಸಬೇಕು, ಕನಿಷ್ಠ ಅದರ ಮಿತಿಯನ್ನು ಹತ್ತು ಸಾವಿರಕ್ಕೆ ಇಳಿಸಬೇಕು. ಹಾಗೆ ಮಾಡದೆ ಸಾಲ ಬದಲಿಸಿದವರಲ್ಲಿ ಹಲವರು ವರ್ಷದೊಳಗೆ ಎರಡೂ ಸಾಲ ಹೊತ್ತು ನಮ್ಮ ಕೌಂಟರಿಗೆ ಬಂದದ್ದುಂಟು.

ಬಂಗಾರವಿಲ್ಲದವರು ಸಂಘದ ಜಾಮೀನು ಸಾಲವನ್ನು ಕೇಳಬಹುದು, ಇಲ್ಲವೇ ಕಾರ್ಡಿನ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸಲು ಕಾರ್ಡು ಕೊಟ್ಟವರನ್ನೇ ಕೋರಬಹುದು. ಕಂತಿನ ದರ ಸಾಮಾನ್ಯವಾಗಿ ಬಾಕಿಯ ದರಕ್ಕಿಂತ ಕಡಿಮೆ. ಹೊಸ ಸಾಲ ಯಾವುದೇ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯದಾಗಿರಲಿ, ಸಹಿ ಹಾಕುವ ಮುಂಚೆ ಪ್ರಮುಖ ಅಂಶಗಳ ಪತ್ರವನ್ನು ಕೇಳಿ ಪಡೆಯಬೇಕು. 2024ರ ಅಕ್ಟೋಬರ್‌ನಿಂದ ಅವರು ಹೊಸ ವೈಯಕ್ತಿಕ ಸಾಲಗಳಿಗೆ ಅದನ್ನು ಕೊಡುವುದು ಕಡ್ಡಾಯವಾಗಿದೆ. ಬಡ್ಡಿ, ಸಂಸ್ಕರಣಾ ಶುಲ್ಕ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದನ್ನು ಹನ್ನೆರಡರಿಂದ ಭಾಗಿಸಿದರೆ ನಿಮ್ಮ ರೂಪಾಯಿ ಬಡ್ಡಿ ಸಿಗುತ್ತದೆ. ಬೈಕಿನ ಸಾಲವನ್ನು ಈ ಮನೆಯವರು ಮುಟ್ಟದಿರುವುದು ಲೇಸು. ಹದಿನಾಲ್ಕು ಕಂತಷ್ಟೇ ಉಳಿದಿವೆ, ಬಡ್ಡಿಯ ಬಹುಪಾಲು ಹಿಂದಿನ ಕಂತುಗಳಲ್ಲಿಯೇ ಹೋಗಿದೆ, ಮುಂಗಡವಾಗಿ ಮುಗಿಸುವ ಶುಲ್ಕ ಕಳೆದರೆ ಹೇಳಿಕೊಳ್ಳುವ ಲಾಭವಿಲ್ಲ.

ಆರನೆಯ ಹಂತ: ಖರ್ಚಿಗೆ ಕೈಹಾಕುವುದು

ಇಲ್ಲಿಯವರೆಗೆ ಯಾರ ಚಹಾವನ್ನೂ ನಿಲ್ಲಿಸಿಲ್ಲ. ಈಗ ತಿಂಗಳ ಹಾಳೆಗೆ ಬರೋಣ. ದೊಡ್ಡ ಸಾಲುಗಳಿಂದ ಆರಂಭಿಸಿ ಕೆಳಗಿಳಿಯಬೇಕು, ಏಕೆಂದರೆ 200 ರೂಪಾಯಿಯ ಬಾಬತ್ತಿಗೆ ಜಗಳವಾಡಿ ದಣಿದವರಿಗೆ 2,000ದ ಬಾಬತ್ತು ನೋಡುವ ಚೈತನ್ಯ ಉಳಿದಿರುವುದಿಲ್ಲ.

ಔಷಧಿಯಲ್ಲಿ ಉಳಿಯುವಷ್ಟು ಬೇರೆಲ್ಲೂ ಸುಲಭವಾಗಿ ಉಳಿಯುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಬಿಡುವುದಾಗಲಿ ದಿನ ಬಿಟ್ಟು ದಿನ ನುಂಗುವುದಾಗಲಿ ಸಲ್ಲದು. ವೈದ್ಯರ ಬಳಿ ಹೋದಾಗ ಔಷಧಿಯ ಮೂಲ ಹೆಸರನ್ನು ಬರೆದುಕೊಡಲು ಕೇಳಿ, ಆ ಚೀಟಿಯೊಂದಿಗೆ ಜನೌಷಧಿ ಕೇಂದ್ರಕ್ಕೆ ಹೋಗಿ ದರ ಹೋಲಿಸಿ ನೋಡಬೇಕು. ಅನೇಕ ಗುಳಿಗೆಗಳು ಅಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಎರಡು ಕಾಯಿಲೆಗಳ ತಪಾಸಣೆ ಮತ್ತು ಔಷಧಿ ಉಚಿತವೂ ಇದೆ. ನಮ್ಮ ಮನೆಯ 2,200ನ್ನು 1,200ಕ್ಕೆ ಇಳಿಸುವುದು ಕಷ್ಟವಲ್ಲ.

ಪೆಟ್ರೋಲ್ ಬಾಬತ್ತಿನಲ್ಲಿ ಯಾರನ್ನು ಯಾರು ಎಲ್ಲಿಗೆ ಬಿಡುತ್ತಿದ್ದಾರೆಂದು ಒಂದು ವಾರ ಬರೆದು ನೋಡಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಮಗಳನ್ನು ಕಾಲೇಜಿಗೆ, ಹೆಂಡತಿಯನ್ನು ಹೊಲಿಗೆಯ ಸಾಮಾನು ತರಲು ಬೈಕಿನಲ್ಲಿ ಬಿಟ್ಟು ಬರುವ ರೂಢಿ ಹಳೆಯದಾಗಿ ಮುಂದುವರಿದಿರುತ್ತದೆ. 800 ರೂಪಾಯಿ ಇಲ್ಲಿ ಇಳಿಯುತ್ತದೆ.

ಕರೆಂಟಿನ ಬಿಲ್ಲಿನಲ್ಲಿ ಗೃಹಜ್ಯೋತಿ ಇದ್ದವರಿಗೆ ಒಂದು ಸೂಕ್ಷ್ಮ ತಿಳಿದಿರಬೇಕು. ಹಿಂದಿನ ಸರಾಸರಿ ಬಳಕೆಗೆ ಶೇಕಡಾ 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆಯಿದ್ದವರಿಗೆ 10 ಯೂನಿಟ್) ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಹಣ, ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ಣ ಬಿಲ್ಲನ್ನೇ ಕಟ್ಟಬೇಕು. ಹೆಸ್ಕಾಂ ಬಿಲ್ಲಿನಲ್ಲಿ ಹಿಂದಿನ ತಿಂಗಳ ಯೂನಿಟ್ ನೋಡಿಕೊಂಡು, 200ರ ಸಮೀಪವಿದ್ದರೆ ಗೀಸರನ್ನು ಮೊದಲು ವಿಚಾರಿಸಿರಿ. 2,000 ವ್ಯಾಟಿನ ಗೀಸರ್ ದಿನಕ್ಕೆ ಒಂದು ತಾಸು ನಡೆದರೆ ತಿಂಗಳಿಗೆ 60 ಯೂನಿಟ್.

ಕಿರಾಣಿಯನ್ನು ಪಗಾರವಾದ ಮರುದಿನ ಒಂದೇ ಪಟ್ಟಿಯಲ್ಲಿ ನಗದು ಕೊಟ್ಟು ತರುವುದು ಉತ್ತಮ. ದಿನವೂ ಅಂಗಡಿಗೆ ಹೋಗುವ ಕಾಲು ನಿಂತರೆ 700 ರೂಪಾಯಿ ತಾನಾಗಿಯೇ ಉಳಿಯುತ್ತದೆ. ಮೊಬೈಲಿನ ಆ್ಯಪ್‌ನಲ್ಲಿ ಆಟೋಪೇ ಎಂಬ ವಿಭಾಗವನ್ನು ತೆರೆದು, ಯಾರೂ ನೋಡದ ಚಾನೆಲ್ಲುಗಳ ಅನುಮತಿಯನ್ನು ರದ್ದು ಮಾಡಿದರೆ 300. ಹೊರಗಿನ ತಿಂಡಿಯನ್ನು 2,600ರಿಂದ 1,600ಕ್ಕೆ ಇಳಿಸಬಹುದು, ಸೊನ್ನೆಗೆ ಇಳಿಸಬಾರದು. ಸಂಜೆಯ ಗಿರಮಿಟ್ಟು-ಮಿರ್ಚಿಯನ್ನು ಪೂರ್ತಿ ನಿಲ್ಲಿಸಿದ ಮನೆಯಲ್ಲಿ ಲೆಕ್ಕದ ಪುಸ್ತಕವೂ ಬೇಗ ನಿಲ್ಲುತ್ತದೆಂಬುದು ನನ್ನ ಅನುಭವ. ಟ್ಯೂಷನ್, ಹಾಲು, ಕಾಯಿಪಲ್ಲೆಗಳನ್ನು ಮುಟ್ಟಿಲ್ಲ. ಒಟ್ಟು ಉಳಿತಾಯ ತಿಂಗಳಿಗೆ 3,800.

ವರ್ಷದ ಹಾಳೆಯಲ್ಲಿ ಜೋಳ ಮತ್ತು ಖಾರವನ್ನು ಬಿಡಬಾರದು. ವರ್ಷದ್ದನ್ನು ಸುಗ್ಗಿಯಲ್ಲಿ ಕೊಳ್ಳುವುದು ಹಿರಿಯರು ಕಂಡುಕೊಂಡ ಉಳಿತಾಯವೇ ಆಗಿದೆ, ಆದರೆ ಅದು ಕೈಯಲ್ಲಿದ್ದ ಹಣದಿಂದ ಕೊಂಡಾಗ ಮಾತ್ರ. ನಾಲ್ಕು ರೂಪಾಯಿ ಬಡ್ಡಿಯ ಕಾರ್ಡಿನಿಂದ ಕೊಂಡ ಜೋಳ ಸೋವಿಯಾಗಿ ಉಳಿಯುವುದಿಲ್ಲ. ಆಯಾರದ ವಿಷಯ ಹೇಳುವುದು ನಾಜೂಕು. ಹಳೆಯ ಆಯಾರದ ವಹಿ ತೆಗೆದು, ಯಾರು ನಮಗೆ ಎಷ್ಟು ಮಾಡಿದ್ದಾರೋ ಅಷ್ಟಕ್ಕೆ ನಿಲ್ಲಿಸಿ, ಪ್ರತಿಷ್ಠೆಗಾಗಿ ಮೇಲೆ ಹಾಕುವುದನ್ನು ಎರಡು ವರ್ಷ ತಡೆಹಿಡಿದರೆ ಸಂಬಂಧವೂ ಕೆಡುವುದಿಲ್ಲ. ಹಬ್ಬ ಮತ್ತು ಆಯಾರದಲ್ಲಿ ಸೇರಿ 9,000 ಇಳಿಸಿದರೆ ವರ್ಷದ ಖರ್ಚು 75,000ಕ್ಕೆ, ಅಂದರೆ ತಿಂಗಳಿಗೆ 6,250ಕ್ಕೆ ಬರುತ್ತದೆ.

ಏಳನೆಯ ಹಂತ: ಹೊಸ ಲೆಕ್ಕ

ಆದಾಯ 40,000. ತಿಂಗಳ ಖರ್ಚು 26,900. ವರ್ಷದ ಖರ್ಚಿಗೆ ತೆಗೆದಿಡುವುದು 6,250. ಬೈಕಿನ ಕಂತು 2,800. ಉಳಿದ 4,050 ಪೂರ್ತಿಯಾಗಿ ಬಂಗಾರದ ಸಾಲಕ್ಕೆ. ಮೊದಲ ತಿಂಗಳು ಅದರಲ್ಲಿ 1,365 ಬಡ್ಡಿಗೆ, 2,685 ಅಸಲಿಗೆ ಹೋಗುತ್ತದೆ. ಹದಿನಾಲ್ಕು ತಿಂಗಳಿಗೆ ಬೈಕಿನ ಸಾಲ ಮುಗಿಯುವ ಹೊತ್ತಿಗೆ ಬಂಗಾರದ ಸಾಲ ಸುಮಾರು 96,400ಕ್ಕೆ ಇಳಿದಿರುತ್ತದೆ. ಅಲ್ಲಿಂದ ಮುಂದೆ ತಿಂಗಳಿಗೆ 6,850 ಕಟ್ಟಿದರೆ ಮತ್ತೆ ಹದಿನಾರು ತಿಂಗಳು. ಒಟ್ಟು ಎರಡೂವರೆ ವರ್ಷ. ಆ ನಡುವಿನ ಎರಡು ಜೂನ್‌ಗಳಲ್ಲಿ ಫೀಗಾಗಿ ಯಾರ ಬಾಗಿಲಿಗೂ ಹೋಗಬೇಕಿಲ್ಲ.

ವರ್ಷದ 6,250 ಇರುವ ಖಾತೆಯೇ ಬೇರೆಯಿರಬೇಕು, ಅದಕ್ಕೆ ಯುಪಿಐ ಜೋಡಿಸಬಾರದು, ಎಟಿಎಂ ಕಾರ್ಡನ್ನು ಪಡೆಯಬಾರದು. ಗೃಹಲಕ್ಷ್ಮಿಯ 2,000 ಈ ಖಾತೆಗೇ ಹೋಗಲಿ. ಅದರ ಕಂತು ತಡವಾಗಿ ಬಂದ ತಿಂಗಳುಗಳು ಇರುವುದರಿಂದ ಅದನ್ನು ಕಿರಾಣಿಗೆ ನಂಬಿದರೆ ಉದ್ರಿ ಮತ್ತೆ ಆರಂಭವಾಗುತ್ತದೆ. ಯೋಜನೆಯನ್ನು ಯಾವ ತಿಂಗಳು ಆರಂಭಿಸುತ್ತೀರಿ ಎಂಬುದೂ ಮುಖ್ಯ. ಫೀ ಕಟ್ಟಿ ಮುಗಿದ ಜುಲೈನಿಂದ ಆರಂಭಿಸಿದವರಿಗೆ ಮುಂದಿನ ದೊಡ್ಡ ಖರ್ಚಿನ ಮುಂಚೆ ಕೂಡಿಸಲು ಕಾಲ ಸಿಗುತ್ತದೆ. ಏಪ್ರಿಲ್‌ನಲ್ಲಿ ಆರಂಭಿಸುವವರು ಮೊದಲ ಎರಡು ತಿಂಗಳು ಬಂಗಾರದ ಸಾಲಕ್ಕೆ ಬಡ್ಡಿಯಷ್ಟೇ ಕಟ್ಟಿ, ಮಿಕ್ಕದ್ದನ್ನು ವರ್ಷದ ಖಾತೆಗೆ ಹಾಕಿ, ಶಾಲೆಯವರಲ್ಲಿ ಎರಡು ಕಂತಿನಲ್ಲಿ ಫೀ ಕಟ್ಟಲು ಕೇಳಿಕೊಳ್ಳಬೇಕಾಗುತ್ತದೆ.

ಲೆಕ್ಕ ಹೀಗೂ ಹೊಂದದಿದ್ದರೆ

ಕಂತುಗಳೇ ಆದಾಯದ ಅರ್ಧವನ್ನು ದಾಟಿರುವ ಮನೆಗಳಿಗೆ ಮೇಲಿನ ಕಡಿತಗಳು ಸಾಲುವುದಿಲ್ಲ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇಕಡಾ 50ನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಈ ಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ, ವಸೂಲಿಯವರು ಬೆಳಿಗ್ಗೆ 9ಕ್ಕೆ ಮುಂಚೆ ಅಥವಾ ಸಂಜೆ 6ರ ನಂತರ ಬರುವಂತಿಲ್ಲ. ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ ಬರಹದಲ್ಲಿ ಅವಧಿ ವಿಸ್ತರಣೆ ಕೇಳಬೇಕು. ಉತ್ತರ ಸಿಗದೆ 30 ದಿನ ಕಳೆದರೆ, ಅಥವಾ ಸಿಕ್ಕ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448 ಸಂಖ್ಯೆ ಇದೆ. ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ, ಆದರೆ ಪೂರ್ಣ ಕಟ್ಟದೆ ರಾಜಿಯಾದ ಸಾಲ ವರದಿಯಲ್ಲಿ ಹಾಗೆಂದೇ ನಮೂದಾಗಿ ಮುಂದಿನ ಸಾಲಕ್ಕೆ ತೊಡಕಾಗುತ್ತದೆ.

ಹುಬ್ಬಳ್ಳಿಯಲ್ಲಿ ಮೀಟರ್ ಬಡ್ಡಿಯೆಂದು ಕರೆಯುವ, ದಿನ ಅಥವಾ ವಾರದ ಲೆಕ್ಕದ ಸಾಲ ಇದ್ದರೆ ಅದು ಪಟ್ಟಿಯ ಕ್ರಮಕ್ಕೆ ಕಾಯುವಂಥದ್ದಲ್ಲ. ಬೈಕು ಮಾರಿಯಾದರೂ ಅದರಿಂದ ಮೊದಲು ಹೊರಬರಬೇಕು. ಬೆದರಿಕೆ, ಮನೆಯ ಮುಂದೆ ಗಲಾಟೆ, ದಾಖಲೆ ಕಸಿದುಕೊಳ್ಳುವುದು ನಡೆದಿದ್ದರೆ, 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ನಂತರ ಕಾಯ್ದೆಯಾದ ರಾಜ್ಯದ ಕಾನೂನಿನಡಿ ಠಾಣೆಯಲ್ಲಿ ದೂರು ಕೊಡಬಹುದು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷದವರೆಗೆ ದಂಡವನ್ನು ಅದು ವಿಧಿಸುತ್ತದೆ.

ಎಂಟನೆಯ ಹಂತ: ಪ್ರತಿ ತಿಂಗಳ ಅರ್ಧ ತಾಸು

ಪಗಾರವಾದ ನಂತರದ ಮೊದಲ ರವಿವಾರ ಮೂರು ಕಾಲಂ ಹಾಕಿರಿ: ಅಂದಾಜು, ಆದದ್ದು, ಯಾಕೆ. ಮೂರನೆಯ ಕಾಲಂನಲ್ಲಿ ಒಂದು ಶಬ್ದ ಬರೆದರೂ ಸಾಕು. ‘ಕಿರಾಣಿ 4,300, 4,900, ಬೀಗರು’ ಎಂದು ಬರೆದ ಸಾಲು ಮುಂದಿನ ತಿಂಗಳಿಗೆ ಚಿಂತೆಯಿಲ್ಲವೆಂದು ಹೇಳುತ್ತದೆ. ‘4,300, 4,900, ಗೊತ್ತಿಲ್ಲ’ ಎಂದು ಎರಡು ತಿಂಗಳು ಬಂದರೆ ಚೀಟಿ ಇಡುವುದು ನಿಂತಿದೆಯೆಂದೇ ಅರ್ಥ. ಅಂದಾಜನ್ನು ಮೂರು ತಿಂಗಳು ಸತತವಾಗಿ ಮೀರಿದ ಬಾಬತ್ತಿಗೆ ಅಂದಾಜನ್ನೇ ಹೆಚ್ಚಿಸಿ, ಬೇರೊಂದರಲ್ಲಿ ಇಳಿಸಬೇಕು. ಬಂಗಾರದ ಸಾಲದ ಬಾಕಿಯನ್ನು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪ್ರತಿ ತಿಂಗಳು ಒಂದರ ಕೆಳಗೊಂದು ಬರೆಯುತ್ತ ಹೋಗಿರಿ.

ಫೆಬ್ರುವರಿ-ಮಾರ್ಚ್‌ನಲ್ಲಿ ಜೋಳ, ಮೆಣಸಿನಕಾಯಿ ಮನೆಗೆ ಬಂದ ವಾರ ವರ್ಷದ ಹಾಳೆಯನ್ನು ಹೊಸದಾಗಿ ಬರೆಯಬೇಕು, ಏಕೆಂದರೆ ಆಗ ಆ ವರ್ಷದ ಧಾರಣಿ ಗೊತ್ತಾಗಿರುತ್ತದೆ ಮತ್ತು ಫೀ ಕಟ್ಟಲು ಇನ್ನೂ ಎರಡು-ಮೂರು ತಿಂಗಳಿರುತ್ತದೆ. ಬೈಕಿನ ಕೊನೆಯ ಕಂತು ಹೋದ ಮೇಲೆ ನಿರಾಕ್ಷೇಪಣಾ ಪತ್ರ ಪಡೆದು ಆರ್‌ಸಿಯಲ್ಲಿನ ಸಾಲದ ನಮೂದನ್ನು ತೆಗೆಸಿರಿ. ಮರುತಿಂಗಳ ಅದೇ ತಾರೀಖಿಗೆ ಆ 2,800 ರೂಪಾಯಿ ಬಂಗಾರದ ಸಾಲದ ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆಯನ್ನು ಅದಕ್ಕೂ ಮುಂಚೆಯೇ, ಹದಿಮೂರನೆಯ ತಿಂಗಳಲ್ಲಿ, ಬರೆದುಕೊಟ್ಟಿರಬೇಕು.